ಸುವಾನಿ ನದಿಯಲ್ಲಿ ಮೂರು ದಿನ ಕೆನೂ: ಅಮ್ಮನಿಗೆ ಮೊಸಳೆ ಭಯ, ನನಗೂ ಸ್ವಲ್ಪ

ತೀರ್ಥಹಳ್ಳಿಯವ · ಸೆಪ್ಟೆಂಬರ್ 12

ಎಲ್ಲರಿಗೂ ನಮಸ್ಕಾರ. ಫ್ಲೋರಿಡಾದ ನದಿಗಳಲ್ಲಿ ದೋಣಿ ಓಡಿಸಿದವರು ಇಲ್ಲಿ ಯಾರಾದರೂ ಇದ್ದರೆ ಸ್ವಲ್ಪ ಸಹಾಯ ಬೇಕು.

ನಾವು ಇರುವುದು ಜಾಕ್ಸನ್‌ವಿಲ್‌ನಲ್ಲಿ. ನಾನು, ಹೆಂಡತಿ, 13 ವರ್ಷದ ಮಗಳು, 8 ವರ್ಷದ ಮಗ. ಎರಡು ಕೆನೂ (ಹುಟ್ಟು ಹಾಕುವ ಸಣ್ಣ ದೋಣಿ) ಬಾಡಿಗೆಗೆ ತೆಗೆದುಕೊಂಡು ಸುವಾನಿ ನದಿಯಲ್ಲಿ ವೈಟ್ ಸ್ಪ್ರಿಂಗ್ಸ್ ಊರಿನಿಂದ ಸುವಾನಿ ರಿವರ್ ಸ್ಟೇಟ್ ಪಾರ್ಕ್‌ವರೆಗೆ ಇಳಿಯಬೇಕು ಅಂತ ಆಸೆ. ಸುಮಾರು 40 ಮೈಲಿ. ಮೂರು ದಿನ, ಎರಡು ರಾತ್ರಿ. ಮರಳ ದಿಬ್ಬದ ಮೇಲೆ ಟೆಂಟ್ ಹಾಕಿ ಮಲಗುವುದು. ಈಜು ನಾಲ್ವರಿಗೂ ಬರುತ್ತದೆ. ಕೆನೂ ಮಾತ್ರ ಈವರೆಗೆ ಎರಡೇ ಸಲ, ಅದೂ ಕೆರೆಯಲ್ಲಿ, ಅರ್ಧ ದಿನ. ಹೋಗುವುದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ಇಲ್ಲದಿದ್ದರೆ ಮುಂದಿನ ಮೇ ತಿಂಗಳಲ್ಲಿ.

ತೊಡಕು ಏನೆಂದರೆ, ಅಮ್ಮ ಊರಿಂದ ಬಂದಿದ್ದಾರೆ. ಕೆನೂ ಹತ್ತಿದ ಹೆಂಗಸನ್ನು ಅಲಿಗೇಟರ್ (ಇಲ್ಲಿನ ಮೊಸಳೆಯಂಥ ಪ್ರಾಣಿ, ಎಲ್ಲರೂ ಗೇಟರ್ ಅನ್ನುತ್ತಾರೆ) ಕೊಂದ ಸುದ್ದಿಯನ್ನು ಯಾರೋ ಅವರ ವಾಟ್ಸಾಪ್‌ಗೆ ಕಳಿಸಿದ್ದಾರೆ. ಅಂದಿನಿಂದ ಒಂದೇ ಮಾತು: "ಛಿಬ್ಬಲಗುಡ್ಡೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿದ ಹಾಗಲ್ಲ ಕಣೋ ಇದು. ನೀವಿಬ್ಬರು ಹೋಗುವುದಾದರೆ ಹೋಗಿ, ಮಕ್ಕಳನ್ನು ಇಲ್ಲಿ ಬಿಟ್ಟು ಹೋಗಿ." ಸುಮ್ನೆ ಭಯ ಅಂತ ತಳ್ಳಿಹಾಕಲು ನನಗೂ ಧೈರ್ಯ ಬರುತ್ತಿಲ್ಲ. ಹೋಗಿ ಬಂದವರು ಇದ್ದದ್ದು ಇದ್ದಹಾಗೆ ಹೇಳಿ.

ಗೇನ್ಸ್‌ವಿಲ್ ಹಳಬ · ಸೆಪ್ಟೆಂಬರ್ 12

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅವರ ಭಯದಲ್ಲಿ ತಪ್ಪೇನೂ ಇಲ್ಲ.

ನಾನು ಈ ನದಿ ಇಳಿಯಲು ಶುರು ಮಾಡಿ ಹದಿನೆಂಟು ವರ್ಷ ಆಯಿತು. ಸುವಾನಿ ಹುಟ್ಟುವುದು ಜಾರ್ಜಿಯಾದ ಓಕಿಫನೋಕಿ ಜೌಗಿನಲ್ಲಿ. ಅಲ್ಲಿಂದ 240 ಮೈಲಿಗೂ ಜಾಸ್ತಿ ಹರಿದು ಮೆಕ್ಸಿಕೋ ಕೊಲ್ಲಿ ಸೇರುತ್ತದೆ. ನೀರು ಕಪ್ಪು, ಆದರೆ ಕೊಳಕಲ್ಲ. ಜೌಗಿನ ಎಲೆ ಬೇರುಗಳು ಕೊಳೆತು ಬಿಡುವ ಟ್ಯಾನಿನ್ ಅದು. ಲೋಟದಲ್ಲಿ ಹಿಡಿದರೆ ತಿಳಿ ಡಿಕಾಕ್ಷನ್, ಹೊಳೆಯಲ್ಲಿ ನೋಡಿದರೆ ಗಟ್ಟಿ ಡಿಕಾಕ್ಷನ್. ಎರಡೂ ಬದಿ ಸುಣ್ಣಕಲ್ಲಿನ ದಂಡೆ, ತಿರುವುಗಳಲ್ಲಿ ಬೆಳ್ಳನೆ ಮರಳು.

ಗೇಟರ್ ಇದ್ದಾವೆಯೇ? ಇದ್ದಾವೆ. ಫ್ಲೋರಿಡಾದಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ ಅಂತ ರಾಜ್ಯದ ವನ್ಯಜೀವಿ ಇಲಾಖೆಯ ಅಂದಾಜು. ಆದರೆ ಯಾರೂ ಕೆಣಕದೆ ಅದು ತಾನಾಗಿಯೇ ಕಚ್ಚಿ, ಆಸ್ಪತ್ರೆಗೆ ಹೋಗುವಷ್ಟು ಗಾಯ ಆಗುವುದು ಇಡೀ ರಾಜ್ಯದಲ್ಲಿ ವರ್ಷಕ್ಕೆ ಸರಾಸರಿ ಎಂಟು ಸಲ. ಅದರಲ್ಲೂ ಹೆಚ್ಚಿನವು ಈಜುವವರಿಗೆ, ನೀರಿನ ಅಂಚಿನಲ್ಲಿ ನಿಂತವರಿಗೆ. ನೀವು ಹೇಳಿದ ಈ ಭಾಗದಲ್ಲಿ ಮೂರು ದಿನಕ್ಕೆ ಒಂದೋ ಎರಡೋ ಕಂಡರೆ ಹೆಚ್ಚು. ಕೆಲವು ಸಲ ಒಂದೂ ಕಂಡಿಲ್ಲ.

ನನಗೆ ಚಿಂತೆ ಆಗಿರುವುದು ನಿಮ್ಮ 40 ಮೈಲಿಯ ಬಗ್ಗೆ. ಎರಡು ಸಲ ಕೆರೆಯಲ್ಲಿ ಹುಟ್ಟು ಹಾಕಿದವರು, ಜೊತೆಗೆ ಎಂಟು ವರ್ಷದ ಮಗು, ನವೆಂಬರಿನ ಸಣ್ಣ ಹಗಲು. ದಿನಕ್ಕೆ 13 ಮೈಲಿ ಆಗುವುದಿಲ್ಲ. ಆಗ ಹೊಳೆ ಬಡವಾಗಿರುತ್ತದೆ, ತಳ್ಳುವ ಸೆಳೆತ ಇರುವುದಿಲ್ಲ. ಸಂಜೆ ಐದೂವರೆಗೆ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಜಾಗ ಹುಡುಕುತ್ತಾ ದಂಡೆ ತಡಕಾಡುವುದು ಇದೆಯಲ್ಲ, ಗೇಟರ್ ನಾಡಿನಲ್ಲಿ ಮಾಡಬಾರದ ಕೆಲಸ ಅದೊಂದೇ.

ಸವಿತಾ ಟ್ಯಾಂಪಾ · ಸೆಪ್ಟೆಂಬರ್ 12

ಅಮ್ಮನಿಗೆ ಬಂದ ಆ ವಾಟ್ಸಾಪ್ ನನಗೂ ಬಂದಿತ್ತು. ಗೇಟರ್ ದೋಣಿಗೆ ಹಾರಿ ಎಳೆದುಕೊಂಡು ಹೋಯಿತು ಅಂತ ಬರೆದಿದ್ದರು. ಅದು ಹಾಗಲ್ಲ.

2025ರ ಮೇ 6ರಂದು ನಡೆದದ್ದು. ಕಿಸಿಮೀ ಕೆರೆ ಹತ್ತಿರದ ಟೈಗರ್ ಕ್ರೀಕ್ ಬಾಯಲ್ಲಿ ಗಂಡ ಹೆಂಡತಿ 14 ಅಡಿಯ ಕೆನೂನಲ್ಲಿ ಹೋಗುತ್ತಿದ್ದರು. ಅಲ್ಲಿದ್ದದ್ದು ಎರಡೂವರೆ ಅಡಿ ನೀರು. ತಳದಲ್ಲಿ ಮಲಗಿದ್ದ ದೊಡ್ಡ ಗೇಟರ್ ಮೇಲೆಯೇ ದೋಣಿ ಹಾದಿದೆ. 11 ಅಡಿ ಮೀರಿದ್ದು. ಅದು ಬೆದರಿ ಹೊರಳಿದೆ, ಕೆನೂ ಮಗುಚಿದೆ. ಆಕೆ ಬಿದ್ದದ್ದು ಅದರ ಮೇಲೆಯೇ. ಗಂಡ ಬಿಡಿಸಲು ನೋಡಿದರೂ ಆಗಲಿಲ್ಲ.

ನಾನು ಇದನ್ನು ಹೇಳುತ್ತಿರುವುದು ಹೆದರಿಸಲು ಅಲ್ಲ. ಹಾರಿ ಬರುವ ಮೊಸಳೆಗೆ ಯಾರೂ ಏನೂ ಮಾಡಲಾಗುವುದಿಲ್ಲ. ಕಡಿಮೆ ನೀರಿನಲ್ಲಿ ಮಲಗಿದ ಮೊಸಳೆಯನ್ನು ತಪ್ಪಿಸಬಹುದು. ಮೇ ತಿಂಗಳು ಅವುಗಳ ಬೆದೆಯ ಕಾಲ ಬೇರೆ. ಏಪ್ರಿಲ್‌ನಿಂದಲೇ ಗಂಡುಗಳು ಓಡಾಡಲು ಶುರು ಮಾಡುತ್ತವೆ. ಹಾಗಾಗಿ ಮೇ ಬೇಡವೇ ಬೇಡ.

ಅಂದಹಾಗೆ, ನಿಮ್ಮ ಅಪಾರ್ಟ್‌ಮೆಂಟ್ ಹಿಂದೆ ಮಳೆನೀರಿನ ಕೊಳ ಇದೆಯೇ? ಇದ್ದರೆ ಅಲ್ಲೂ ಒಂದು ಇರಬಹುದು. ಫ್ಲೋರಿಡಾದಲ್ಲಿ ಸಿಹಿನೀರು ಎಲ್ಲಿದ್ದರೂ ಗೇಟರ್ ಇರಬಹುದು ಅಂತಲೇ ನಡೆದುಕೊಳ್ಳಬೇಕು.

ತೀರ್ಥಹಳ್ಳಿಯವ · ಸೆಪ್ಟೆಂಬರ್ 13

ಸವಿತಾ ಅಕ್ಕ, ನಿಮ್ಮ ಕೊನೆಯ ಸಾಲನ್ನು ಅಮ್ಮನಿಗೆ ಓದಿ ಹೇಳಿ ತಪ್ಪು ಮಾಡಿದೆ. ಸಂಜೆ ಕೊಳದ ಸುತ್ತ ವಾಕಿಂಗ್ ನಿಂತುಹೋಗಿದೆ.

ಹಳಬರೇ, ಕಡಿಮೆ ನೀರು ಎಲ್ಲಿದೆ ಅಂತ ಈ ಡಿಕಾಕ್ಷನ್ ಬಣ್ಣದಲ್ಲಿ ಗೊತ್ತಾಗುವುದು ಹೇಗೆ?

ಗೇನ್ಸ್‌ವಿಲ್ ಹಳಬ · ಸೆಪ್ಟೆಂಬರ್ 13

ಒಳ್ಳೆಯ ಪ್ರಶ್ನೆ. ತಳ ಕಾಣುವುದಿಲ್ಲ, ಆದರೆ ಹೊಳೆಯ ಆಕಾರವೇ ಹೇಳುತ್ತದೆ. ತಿರುವಿನಲ್ಲಿ ಒಳಬದಿಗೆ ಮರಳು ಕೂತಿರುತ್ತದೆ, ನೀರು ಕಡಿಮೆ. ಹೊರಬದಿ ಕೊರೆದು ಆಳವಾಗಿರುತ್ತದೆ. ಹಾಗಂತ ಹೊರಗಿನ ದಂಡೆಗೆ ಅಂಟಿಕೊಂಡು ಹೋದರೆ ಬೇರೆ ಕಷ್ಟ. ದಂಡೆ ಕುಸಿದು ಬಿದ್ದ ಮರಗಳೆಲ್ಲ ಅಲ್ಲೇ ಇರುತ್ತವೆ. ನೀರು ಕೊಂಬೆಗಳ ನಡುವೆ ನುಗ್ಗುತ್ತದೆ, ದೋಣಿ ಅಡ್ಡ ಸಿಕ್ಕಿಕೊಳ್ಳುತ್ತದೆ. ಹೊಸಬರು ಆಗ ಕೊಂಬೆ ಹಿಡಿದುಕೊಳ್ಳುತ್ತಾರೆ. ಹಿಡಿದ ತಕ್ಷಣ ದೋಣಿ ಕೆಳಗಿನಿಂದ ಜಾರಿ ಮಗುಚುತ್ತದೆ. ಕೊಂಬೆ ಹಿಡಿಯಬೇಡಿ, ತಲೆ ಬಗ್ಗಿಸಿ, ಹುಟ್ಟು ಬಿಡದೆ ಹಾಕಿ. ನಡು ಹೊಳೆಯಿಂದ ಚೂರು ಹೊರಬದಿಗೆ ಇರುವುದೇ ಸರಿಯಾದ ದಾರಿ.

ಮರಳಿಗೆ ದೋಣಿ ಹಚ್ಚುವಾಗ ಮಾತ್ರ ಕಡಿಮೆ ನೀರಿಗೆ ಬರಲೇಬೇಕು. ಆಗ ಅವಸರ ಮಾಡಬೇಡಿ. ಇಪ್ಪತ್ತು ಮೂವತ್ತು ಅಡಿ ದೂರದಿಂದಲೇ ಹುಟ್ಟಿನಿಂದ ದೋಣಿಯ ಪಕ್ಕಕ್ಕೆ ನಾಲ್ಕು ಸಲ ಟಪ ಟಪ ಬಡಿಯಿರಿ. ಗಟ್ಟಿಯಾಗಿ ಮಾತಾಡಿ. ಅಲ್ಲಿ ಏನಾದರೂ ಮಲಗಿದ್ದರೆ ಅದಕ್ಕೆ ಎದ್ದು ಹೋಗಲು ಸಮಯ ಸಿಗಬೇಕು. ಗೇಟರ್‌ಗೆ ಹೆಚ್ಚಿನ ಸಲ ಬೇಕಾಗಿರುವುದು ಅಷ್ಟೇ, ಆಳದ ನೀರಿಗೆ ಹೋಗುವ ದಾರಿ. ದಂಡೆಯ ಮೇಲೆ ಮಲಗಿದ್ದು ಕಂಡರೆ ಎದುರು ದಂಡೆಗೆ ಸರಿದು ಹೋಗಿ. ಅದು ಮತ್ತು ನೀರಿನ ನಡುವೆ ಫೋಟೋಗೆ ಅಂತ ದೋಣಿ ತೂರಿಸಬೇಡಿ. ಅದು ಧಡಾರ್ ಅಂತ ನೀರಿಗೆ ಬಿದ್ದಾಗ ನಿಮ್ಮ ಮೇಲೆ ಬಂತು ಅನ್ನಿಸುತ್ತದೆ. ಅದು ಓಡಿಹೋಗುತ್ತಿರುವುದು, ದಾರಿಯಲ್ಲಿ ನೀವಿದ್ದೀರಿ.

ನೀರಿನಲ್ಲಿ ತಲೆ ಮಾತ್ರ ಕಂಡರೆ ಹಳೆಯ ಲೆಕ್ಕ ಒಂದಿದೆ. ಕಣ್ಣಿಂದ ಮೂಗಿನ ಹೊಳ್ಳೆಗೆ ಎಷ್ಟು ಇಂಚೋ, ಮೈ ಉದ್ದ ಸುಮಾರು ಅಷ್ಟು ಅಡಿ. ಅಳೆಯಲು ಹತ್ತಿರ ಹೋಗಬೇಡಿ ಮತ್ತೆ.

ಕಾಳಿ ದಂಡೆ · ಸೆಪ್ಟೆಂಬರ್ 13

ನಾನು ದಾಂಡೇಲಿಯವನು, ಅಮೆರಿಕ ನೋಡಿಲ್ಲ. ಆದರೂ ಹೇಳುತ್ತೇನೆ. ನಮ್ಮ ಕಾಳಿಯಲ್ಲಿ ಊರಿನ ಪಕ್ಕದಲ್ಲೇ ಮೊಸಳೆಗಳಿವೆ. ನಾವು ಚಿಕ್ಕವರಿದ್ದಾಗ ಅವು ಮನುಷ್ಯರನ್ನು ಕಂಡರೆ ನೀರಿಗೆ ಇಳಿದುಬಿಡುತ್ತಿದ್ದವು. ಆಮೇಲೆ ಕೋಳಿ ಅಂಗಡಿಯ ಕರುಳು, ರೆಕ್ಕೆ ಎಲ್ಲ ಹೊಳೆಗೆ ಬೀಳಲು ಶುರುವಾಯಿತು. ಟೂರಿಸ್ಟರೂ ಫೋಟೋಗೆ ಅಂತ ಏನೇನೋ ಎಸೆದರು. ಈಗ ಜನರ ಸದ್ದು ಕೇಳಿದರೆ ಕೆಲವು ಇತ್ತ ಕಡೆಗೇ ಬರುತ್ತವೆ. ಬಟ್ಟೆ ಒಗೆಯಲು ಹೋದವರು, ಮೀನು ಹಿಡಿಯಲು ಹೋದವರು ತೊಂದರೆಗೆ ಸಿಕ್ಕಿದ್ದಾರೆ.

ನದಿ ಯಾವುದು ಅಂತ ನೋಡುವುದಕ್ಕಿಂತ, ಅಲ್ಲಿ ಯಾರು ಏನು ಎಸೆದಿದ್ದಾರೆ ಅಂತ ನೋಡಬೇಕು. ದೋಣಿ ಹತ್ತುವ ಜಾಗದಲ್ಲಿ ಮೀನು ಕೊಯ್ದ ತ್ಯಾಜ್ಯ ಬಿದ್ದಿದ್ದರೆ ಮಕ್ಕಳನ್ನು ಅಲ್ಲಿ ನಿಲ್ಲಿಸಬೇಡಿ.

ಹೊಸ ಹುಟ್ಟು · ಸೆಪ್ಟೆಂಬರ್ 13

ರಂಗನತಿಟ್ಟಿನಲ್ಲಿ ದೋಣಿಯವರು ಬಂಡೆ ಮೇಲಿನ ಮೊಸಳೆ ಪಕ್ಕಕ್ಕೇ ಕರೆದುಕೊಂಡು ಹೋಗುತ್ತಾರಲ್ಲ? ಏನೂ ಆಗುವುದಿಲ್ಲ. ಇಲ್ಲಿ ಯಾಕಿಷ್ಟು ಗಲಾಟೆ?

ಗೇನ್ಸ್‌ವಿಲ್ ಹಳಬ · ಸೆಪ್ಟೆಂಬರ್ 13

ಅಲ್ಲಿ ಹುಟ್ಟು ಹಾಕುವವರಿಗೆ ಯಾವ ಬಂಡೆ ಮೇಲೆ ಯಾವುದು ಮಲಗುತ್ತದೆ ಅಂತ ದಿನವೂ ನೋಡಿ ಗೊತ್ತು. ದೋಣಿಯೂ ದೊಡ್ಡದು. ನಮ್ಮ ಕೆನೂನಲ್ಲಿ ಒಬ್ಬ ಸೀನಿದರೆ ಇನ್ನೊಬ್ಬ ಅಲ್ಲಾಡುತ್ತಾನೆ.

ಕಾಳಿ ದಂಡೆ ಅವರ ಮಾತಿಗೆ ನನ್ನದೂ ಒಂದು ಓಟು. ಫ್ಲೋರಿಡಾದಲ್ಲಿ ಗೇಟರ್‌ಗೆ ತಿಂಡಿ ಹಾಕುವುದು ಕಾನೂನಿನ ಪ್ರಕಾರ ಅಪರಾಧ, ಕಾರಣ ಇದೇ. ತಿಂಡಿ ಕಂಡ ಗೇಟರ್ ದೋಣಿಯನ್ನು ಹಿಂಬಾಲಿಸುತ್ತದೆ. ಹಾಗೆ ಯಾವುದಾದರೂ ನಿಮ್ಮ ಹಿಂದೆ ಬಂದರೆ ಚೆಂದ ಅಂತ ನಿಂತು ನೋಡಬೇಡಿ, ಜಾಗ ಬಿಡಿ. ಛಿಬ್ಬಲಗುಡ್ಡೆಯ ಮಂಡಕ್ಕಿ ಅಂದರಲ್ಲ, ಅಮ್ಮ ಸರಿಯಾದ ಉದಾಹರಣೆಯನ್ನೇ ಕೊಟ್ಟಿದ್ದಾರೆ.

ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಊರಿನದು ಮಗ್ಗರ್, ಅದು ಮೊಸಳೆಯ ಜಾತಿ. ಇದು ಅಲಿಗೇಟರ್. ಮೂತಿ ಅಗಲ, ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲು ಕಾಣುವುದಿಲ್ಲ. ಸ್ವಭಾವದಲ್ಲಿ ಇದು ಹೆಚ್ಚು ನಾಚಿಕೆಯದು. ಚಳಿಗೆ ಮಂಕಾಗುತ್ತದೆ. ಹವೆ 21 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ತಿನ್ನುವುದನ್ನೇ ನಿಲ್ಲಿಸುತ್ತದೆ. 13ರ ಹತ್ತಿರ ಬಂದರೆ ಬಿಲದಲ್ಲಿ ಬಿದ್ದುಕೊಳ್ಳುತ್ತದೆ. ನವೆಂಬರ್ ಕೊನೆ ಒಳ್ಳೆಯದು ಅನ್ನುವುದು ಇದಕ್ಕೇ. ಹಾಗಂತ ಬಿಸಿಲು ಬಿದ್ದ ಮಧ್ಯಾಹ್ನ ಅವು ದಂಡೆಗೆ ಬರುವುದಿಲ್ಲ ಅಂತಲ್ಲ.

ಕುಡ್ಲದ ಕಡಲು · ಸೆಪ್ಟೆಂಬರ್ 14

ಮಾರಾಯರೇ, ಸುವಾನಿ ಒಳ್ಳೆಯದೇ. ಆದರೆ ಹೋಗುವುದಾದರೆ ನದಿ ಹುಟ್ಟುವಲ್ಲಿಗೇ ಹೋಗಿ, ಓಕಿಫನೋಕಿಗೆ. ಜಾಕ್ಸನ್‌ವಿಲ್‌ನಿಂದ ಒಂದು ಗಂಟೆ ಚಿಲ್ಲರೆ. ನಾಲ್ಕು ಲಕ್ಷ ಎಕರೆ ಜೌಗು. 1937ರಿಂದ ವನ್ಯಜೀವಿ ಆಶ್ರಯ ಅದು. ನೀರಿನ ಮೇಲೆ ಮರದ ಅಟ್ಟ ಕಟ್ಟಿದ್ದಾರೆ, ಅದರ ಮೇಲೆ ಟೆಂಟ್. ಒಂದು ಅಟ್ಟಕ್ಕೆ ಒಂದು ರಾತ್ರಿಗೆ ಒಂದೇ ತಂಡ. ರಾತ್ರಿ ಟಾರ್ಚ್ ಬಿಟ್ಟರೆ ಸುತ್ತಲೂ ಕೆಂಪು ಕೆಂಡದ ಹಾಗೆ ಕಣ್ಣುಗಳು. ನಾನು ಆ ರಾತ್ರಿಯನ್ನು ಮರೆಯುವುದಿಲ್ಲ.

ಸವಿತಾ ಟ್ಯಾಂಪಾ · ಸೆಪ್ಟೆಂಬರ್ 14

ಎಂಟು ವರ್ಷದ ಮಗನನ್ನು ಕರೆದುಕೊಂಡು ಹೋಗುವವರಿಗೆ ಹೇಳುವ ಜಾಗವೇ ಅದು? ಓಕಿಫನೋಕಿಯ ಕೆಲವು ದಾರಿಗಳು ಕೆನೂನಷ್ಟೇ ಅಗಲ. ನೀರು ಸೊಂಟದವರೆಗೂ ಇರುವುದಿಲ್ಲ. ಮೇಲೆ ಟೈಗರ್ ಕ್ರೀಕ್ ಬಗ್ಗೆ ಬರೆದದ್ದನ್ನು ಓದಿ ನೋಡಿ.

ಕುಡ್ಲದ ಕಡಲು · ಸೆಪ್ಟೆಂಬರ್ 14

ಸಾವಿರಾರು ಜನ ಹೋಗಿ ಬರುತ್ತಾರೆ ಮೇಡಂ. ನಾನೂ ನನ್ನ ಮಗಳನ್ನು ಕರೆದುಕೊಂಡೇ ಹೋದದ್ದು.

ಗೇನ್ಸ್‌ವಿಲ್ ಹಳಬ · ಸೆಪ್ಟೆಂಬರ್ 14

ಇಬ್ಬರೂ ಸರಿ. ಓಕಿಫನೋಕಿಯಂಥ ಜಾಗ ಇನ್ನೊಂದಿಲ್ಲ. ಅಲ್ಲಿನ ಗೇಟರ್‌ಗಳಿಗೆ ಕೆನೂ ನೋಡಿ ಅಭ್ಯಾಸ, ಹೆಚ್ಚಿನವು ಸರಿದು ದಾರಿ ಬಿಡುತ್ತವೆ. ಆದರೆ ನಾನು ಮೊದಲ ಸಲಕ್ಕೆ ಬೇಡ ಅನ್ನುವುದು ಗೇಟರ್‌ಗೋಸ್ಕರ ಅಲ್ಲ. ಅಲ್ಲಿ ಕಾಲೂರಲು ನೆಲ ಇಲ್ಲ. ಆ ಹೆಸರಿಗೆ ನಡುಗುವ ನೆಲ ಅಂತಲೇ ಅರ್ಥ ಹೇಳುತ್ತಾರೆ. ತೇಲುವ ಕೊಳೆ ಮಣ್ಣಿನ ಮೇಲೆ ಗಿಡ ಬೆಳೆದಿರುತ್ತದೆ, ಕಾಲಿಟ್ಟರೆ ಅದುರುತ್ತದೆ. ಮಗ "ಅಪ್ಪಾ, ಸುಸ್ಸು" ಅಂದರೆ ದಂಡೆಗೆ ಹಚ್ಚಲು ದಂಡೆಯೇ ಇಲ್ಲ. ಎದುರು ಗಾಳಿ ಬೀಸಿದರೆ ಬಯಲಲ್ಲಿ ತಾಸುಗಟ್ಟಲೆ ಹುಟ್ಟು ಹಾಕಬೇಕು. ಕತ್ತಲಾಗುವ ಮೊದಲೇ ಅಟ್ಟ ಮುಟ್ಟಲೇಬೇಕು, ಮುಟ್ಟಿದ ಮೇಲೆ ಬೆಳಗಾಗುವ ತನಕ ಅಲ್ಲಿಂದ ಅಲ್ಲಾಡುವಂತಿಲ್ಲ. ಮಕ್ಕಳಿಗೆ ಎರಡು ನದಿ ಆದ ಮೇಲೆ ಹೋಗಿ.

ಇನ್ನು ಸುವಾನಿಯಲ್ಲಿ ಎಲ್ಲಿ ಮಲಗುವುದು ಅನ್ನುವುದಕ್ಕೆ ಬರುತ್ತೇನೆ. ವೈಟ್ ಸ್ಪ್ರಿಂಗ್ಸ್‌ನಿಂದ ಸಮುದ್ರದವರೆಗೆ 170 ಮೈಲಿ ರಾಜ್ಯದವರೇ ಗುರುತು ಮಾಡಿದ ದೋಣಿ ದಾರಿ. ಅದರಲ್ಲಿ ಐದು ಕಡೆ ನದಿ ಕ್ಯಾಂಪ್‌ಗಳಿವೆ. ಎತ್ತರದಲ್ಲಿ, ಸೊಳ್ಳೆ ಪರದೆ ಹಾಕಿದ ಮರದ ಮಂಟಪಗಳು. ಒಳಗೆ ಫ್ಯಾನ್, ಕರೆಂಟು. ಪಕ್ಕದಲ್ಲಿ ಬಿಸಿನೀರಿನ ಸ್ನಾನದ ಮನೆ. ಮುಂಚೆಯೇ ಬುಕ್ ಮಾಡಬೇಕು. ನಿಮ್ಮ ದಾರಿಯಲ್ಲಿ ಮೊದಲನೆಯದು ವುಡ್ಸ್ ಫೆರಿ, ಹತ್ತು ಹನ್ನೊಂದು ಮೈಲಿಗೆ ಸಿಗುತ್ತದೆ. ಅದಾದ ಮೇಲೆ ಸ್ಪಿರಿಟ್ ಆಫ್ ದ ಸುವಾನಿ ಅನ್ನುವ ಖಾಸಗಿ ಕ್ಯಾಂಪಿನ ಜಾಗ. ಅದರಾಚೆ ಹೋಲ್ಟನ್ ಕ್ರೀಕ್ ಕ್ಯಾಂಪ್.

ನನ್ನ ಮಾತು ಕೇಳಿದರೆ ಅರ್ಧ ದಾರಿಯೇ ಸಾಕು. ವೈಟ್ ಸ್ಪ್ರಿಂಗ್ಸ್‌ನಿಂದ ಸ್ಪಿರಿಟ್ ಆಫ್ ದ ಸುವಾನಿವರೆಗೆ, 20 ಮೈಲಿ ಆಸುಪಾಸು. ಅದನ್ನೇ ಮೂರು ದಿನ ಮಾಡಿ. ಒಂದು ರಾತ್ರಿ ವುಡ್ಸ್ ಫೆರಿ, ಒಂದು ರಾತ್ರಿ ಮರಳು.

ಧಾರವಾಡ ಪೇಢೆ · ಸೆಪ್ಟೆಂಬರ್ 15

ನಮಸ್ಕಾರ ರೀ. ನಾವು ಅಟ್ಲಾಂಟಾದಿಂದ ಹೋಗಿದ್ದೆವು, ಎರಡು ವರ್ಷದ ಹಿಂದೆ, ಇದೇ ಹೊಳೆ. ಮೊಸಳೆಯಿಂದ ಏನೂ ಆಗಲಿಲ್ಲ. ದೋಣಿ ಬಾಡಿಗೆಗೆ ಕೊಟ್ಟವನಿಂದ ಆಯಿತು. ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ವ್ಯಾನ್ ತರುತ್ತೇನೆ ಅಂದಿದ್ದ. ಬಂದದ್ದು ಏಳಕ್ಕೆ. ಮೊಬೈಲ್ ಸಿಗ್ನಲ್ ಇಲ್ಲ. ಕತ್ತಲಾಗಿದೆ, ಮಕ್ಕಳು ಚಳಿಗೆ ನಡುಗುತ್ತಿದ್ದಾರೆ. ನಾವು ನೀರಿನಿಂದ ದೂರ ಮೇಲೆ ಬಂದು ರಸ್ತೆ ಬದಿ ಕೂತೆವು.

ಅದಕ್ಕೆ ಹೇಳುತ್ತೇನೆ, ನಿಮ್ಮ ಕಾರನ್ನು ಮೊದಲೇ ಕೊನೆಯ ಘಟ್ಟದಲ್ಲಿ ನಿಲ್ಲಿಸಿ. ಅವರ ವ್ಯಾನ್‌ನಲ್ಲಿ ಮೇಲಕ್ಕೆ ಹೋಗಿ ಅಲ್ಲಿಂದ ಇಳಿಯಿರಿ. ಆಗ ಯಾವಾಗ ಮುಟ್ಟಿದರೂ ಕಾರು ನಿಮ್ಮದೇ ಇರುತ್ತದೆ, ಯಾರನ್ನೂ ಕಾಯುವುದಿಲ್ಲ.

ಊಟದ ವಿಷಯ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಒಂದು ಡಬ್ಬಿ ಕೆನೆ ಮೊಸರು ಮೊದಲ ದಿನಕ್ಕೆ. ಅವಲಕ್ಕಿ ಹಚ್ಚಿ ಒಯ್ಯಿರಿ. ಒಲೆ ಹಚ್ಚುವ ಕೆಲಸ ಕಡಿಮೆ ಆದಷ್ಟೂ ನೀರಿನ ಅಂಚಿಗೆ ಪಾತ್ರೆ ತೊಳೆಯಲು ಇಳಿಯುವುದೂ ಕಡಿಮೆ. ಕಡಕ್ ರೊಟ್ಟಿ ನೆಟ್ಟಗೆ ಜೋಡಿಸಿ ಸ್ಟೀಲ್ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ಕೊನೆಗೆ ಪುಡಿ ಚಟ್ನಿ ಜೊತೆ ಪುಡಿ ರೊಟ್ಟಿ.

ಸವಿತಾ ಟ್ಯಾಂಪಾ · ಸೆಪ್ಟೆಂಬರ್ 15

ಪಾತ್ರೆ ತೊಳೆಯುವ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಮನೆಯ ನಿಯಮ: ಬಕೆಟ್‌ಗೆ ಹಗ್ಗ ಕಟ್ಟಿ ಬೆಳಕಿರುವಾಗಲೇ ನೀರು ಎತ್ತಿಕೊಂಡು, ಮೇಲೆ ಬಂದು ತೊಳೆಯುವುದು. ಸೂರ್ಯ ಮುಳುಗಿದ ಮೇಲೆ ಯಾರೂ ನೀರಿನ ಹತ್ತಿರ ಹೋಗುವಂತಿಲ್ಲ, ಹಲ್ಲುಜ್ಜಲೂ ಇಲ್ಲ. ಗೇಟರ್ ಚುರುಕಾಗುವುದೇ ಮುಸ್ಸಂಜೆಯಿಂದ ಬೆಳಗಿನವರೆಗೆ. ಮರಳಿನ ಮೇಲೆ ಟೆಂಟ್ ಹಾಕುವ ಮೊದಲು ಸುತ್ತ ನೋಡಿ. ಹೊಟ್ಟೆ ಎಳೆದ ಅಗಲವಾದ ಗುರುತು, ಎರಡೂ ಬದಿ ಉಗುರಿನ ಹೆಜ್ಜೆ ಇದ್ದರೆ ಅದು ಅವರ ಜಾಗ, ಮುಂದಿನ ದಿಬ್ಬಕ್ಕೆ ಹೋಗಿ. ಟೆಂಟನ್ನು ನೀರಿನಿಂದ ಆದಷ್ಟು ಮೇಲೆ ಹಾಕಿ.

ಗಿಡಗಳ ನಡುವಿನಿಂದ ಸಣ್ಣಗೆ ಕಪ್ಪೆ ಕೂಗಿದ ಹಾಗೆ ಚುರ್ ಚುರ್ ಸದ್ದು ಕೇಳಿದರೆ ಮರಿಗಳಿವೆ ಅಂತ. ತಾಯಿ ಪಕ್ಕದಲ್ಲೇ ಇರುತ್ತದೆ. ಬುಸ್ ಅಂದರೆ ನೀವು ಆಗಲೇ ತುಂಬಾ ಹತ್ತಿರ ಬಂದಿದ್ದೀರಿ.

ನಾಯಿ ಇದ್ದರೆ ಮನೆಯಲ್ಲೇ ಬಿಡಿ. ಗೇಟರ್ ಕಣ್ಣಿಗೆ ಅದು ಊಟದ ಅಳತೆಯದು.

ಹೊಸ ಹುಟ್ಟು · ಸೆಪ್ಟೆಂಬರ್ 15

ಗೇಟರ್ ಅಟ್ಟಿಸಿಕೊಂಡು ಬಂದರೆ ಹಾವಿನ ಹಾಗೆ ಅಂಕುಡೊಂಕಾಗಿ ಓಡಬೇಕು ಅಂತ ಕೇಳಿದ್ದೇನೆ. ನಿಜವೇ?

ಗೇನ್ಸ್‌ವಿಲ್ ಹಳಬ · ಸೆಪ್ಟೆಂಬರ್ 15

ಸುಳ್ಳು. ನೇರವಾಗಿ, ನೀರಿಗೆ ಬೆನ್ನು ಹಾಕಿ ಓಡಿ. ನೆಲದ ಮೇಲೆ ಅದು ಬಹಳ ದೂರ ಓಡಲಾರದು. ಕಚ್ಚಿ ಹಿಡಿದೇಬಿಟ್ಟರೆ ಸುಮ್ಮನಿರಬಾರದು, ಕಣ್ಣಿಗೆ, ಮೂತಿಗೆ ಬಿಡದೆ ಹೊಡೆಯಬೇಕು. ಇದನ್ನು ಅಮ್ಮನಿಗೆ ಓದಿ ಹೇಳಬೇಡಿ.

ಈಗ ಯಾರೂ ಕೇಳದ ಒಂದು ವಿಷಯ. ಸುವಾನಿಯಲ್ಲಿ ದೋಣಿಯವರನ್ನು ಗಾಯಗೊಳಿಸುವ ಪ್ರಾಣಿ ಇನ್ನೊಂದಿದೆ, ಸ್ಟರ್ಜನ್ ಮೀನು. ಎಂಟು ಅಡಿ ಉದ್ದ, 200 ಪೌಂಡ್‌ವರೆಗೂ ಬೆಳೆಯುತ್ತದೆ. ಮೈಮೇಲೆ ಎಲುಬಿನ ಹಲಗೆ. ವಸಂತದಲ್ಲಿ ಕೊಲ್ಲಿಯಿಂದ ನದಿಗೆ ಬಂದು, ಬೇಸಿಗೆಯಿಡೀ ಇಲ್ಲಿದ್ದು, ಚಳಿ ಶುರುವಾದಾಗ ವಾಪಸ್ ಹೋಗುತ್ತದೆ. ಬೇಸಿಗೆಯಲ್ಲಿ ಇದ್ದಕ್ಕಿದ್ದ ಹಾಗೆ ನೀರಿನಿಂದ ಆಳೆತ್ತರ ನೆಗೆಯುತ್ತದೆ. 2015ರಲ್ಲಿ ಮೋಟಾರ್ ದೋಣಿಯಲ್ಲಿ ಹೋಗುತ್ತಿದ್ದ ಐದು ವರ್ಷದ ಹುಡುಗಿಯೊಬ್ಬಳು ಇದರ ಏಟಿಗೆ ತೀರಿಕೊಂಡಳು. ಕೆನೂ ನಿಧಾನ, ಹಾಗಾಗಿ ಅಪಾಯ ಕಡಿಮೆ. ನವೆಂಬರ್ ಕೊನೆಗೆ ಹೆಚ್ಚಿನವು ಸಮುದ್ರಕ್ಕೆ ಹೋಗಿಯಾಗಿರುತ್ತದೆ. ಮೇ ಬೇಡ ಅನ್ನಲು ಇದು ಎರಡನೆಯ ಕಾರಣ.

ಮತ್ತೆ ನೀರಿನ ಮಟ್ಟ. ವೈಟ್ ಸ್ಪ್ರಿಂಗ್ಸ್‌ನಲ್ಲಿ ಸರ್ಕಾರದ ಮಾಪಕ ಇದೆ, ಇಂಟರ್‌ನೆಟ್‌ನಲ್ಲಿ ದಿನವೂ ಕಾಣುತ್ತದೆ. ಹೊರಡುವ ಎರಡು ವಾರ ಮೊದಲಿನಿಂದ ನೋಡುತ್ತಾ ಇರಿ. ಏರುತ್ತಿದ್ದರೆ ಮರಳ ದಿಬ್ಬಗಳೇ ಮುಳುಗಿರುತ್ತವೆ. ತೀರಾ ಇಳಿದರೆ ಸುಣ್ಣಕಲ್ಲಿನ ಮೇಲೆ ದೋಣಿ ಎಳೆಯಬೇಕು. ವೈಟ್ ಸ್ಪ್ರಿಂಗ್ಸ್‌ಗಿಂತ ಮೇಲೆ ಬಿಗ್ ಶೋಲ್ಸ್ ಅಂತ ಬಂಡೆಗಳ ನಡುವೆ ನೀರು ಭೋರ್ಗರೆದು ಇಳಿಯುವ ಜಾಗ ಇದೆ. ಮಾಪಕದಲ್ಲಿ ಮಟ್ಟ (ಆಳ ಅಲ್ಲ, ಸಮುದ್ರ ಮಟ್ಟದಿಂದ ಎತ್ತರ) 59ರಿಂದ 61 ಅಡಿ ಇದ್ದಾಗ ಅದು ಆರು ದರ್ಜೆಗಳಲ್ಲಿ ಮೂರನೆಯ ದರ್ಜೆಯ ರಭಸ. ಫ್ಲೋರಿಡಾದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಬಾಡಿಗೆಯವರು "ಇನ್ನೂ ಸ್ವಲ್ಪ ಮೇಲಿನಿಂದ ಬಿಡುತ್ತೇವೆ, ಚೆನ್ನಾಗಿರುತ್ತದೆ" ಅಂದರೆ ಎಲ್ಲಿಂದ ಅಂತ ಕೇಳಿ ಆಮೇಲೆ ಹೂಂ ಅನ್ನಿ.

ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಹೊತ್ತುಕೊಂಡೇ ಹೋಗಿ. ಟ್ಯಾನಿನ್ ನೀರು ಫಿಲ್ಟರ್ ಕಟ್ಟಿಸುತ್ತದೆ. ನವೆಂಬರ್ ಬೇಟೆಯ ಕಾಲ, ದಂಡೆಯ ಕಾಡಿಗೆ ಕಾಲಿಡುವುದಾದರೆ ಎಲ್ಲರಿಗೂ ಕಿತ್ತಳೆ ಬಣ್ಣದ ಅಂಗಿ. ಲೈಫ್ ಜಾಕೆಟ್ ಆರು ವರ್ಷದ ಕೆಳಗಿನವರು ಹಾಕಿಕೊಂಡೇ ಇರಬೇಕು ಅನ್ನುತ್ತದೆ ಇಲ್ಲಿನ ಕಾನೂನು. ಉಳಿದವರಿಗೆ ದೋಣಿಯಲ್ಲಿದ್ದರೆ ಸಾಕು. ನಾನು ಅದನ್ನು ಒಪ್ಪುವುದಿಲ್ಲ. ನಾಲ್ವರೂ ಹಾಕಿ, ಗುಂಡಿ ಬಿಗಿದು.

ತೀರ್ಥಹಳ್ಳಿಯವ · ಸೆಪ್ಟೆಂಬರ್ 17

ಮನೆಯಲ್ಲಿ ಮಾತುಕತೆ ಆಯಿತು. ನವೆಂಬರ್ 26ರಿಂದ 28. 20 ಮೈಲಿ. ವುಡ್ಸ್ ಫೆರಿಯಲ್ಲಿ ಮಂಟಪ ಬುಕ್ ಆಯಿತು. ಅದಕ್ಕೂ ಮುಂಚೆ ಎರಡು ಶನಿವಾರ ಕೆರೆಗೆ ಹೋಗಿ, ಬೇಕಂತಲೇ ಕೆನೂ ಮಗುಚಿ, ಹತ್ತಿ ಅಭ್ಯಾಸ ಮಾಡುತ್ತೇವೆ. ಅಮ್ಮ ಪೂರ್ತಿ ಒಪ್ಪಿಲ್ಲ. ಒಂದು ಷರತ್ತು ಹಾಕಿದ್ದಾರೆ: ಮಗ ಅಪ್ಪನ ದೋಣಿಯಲ್ಲಿ, ನಡುವೆ, ಕೈ ನೀರಿಗೆ ಬಿಡುವಂತಿಲ್ಲ.

ಕಾಳಿ ದಂಡೆ · ಸೆಪ್ಟೆಂಬರ್ 17

ಅಮ್ಮನ ಷರತ್ತನ್ನೇ ನಮ್ಮ ಊರಿನ ಘಟ್ಟದಲ್ಲಿ ಬೋರ್ಡ್ ಬರೆಸಿ ಹಾಕಬೇಕು.

ತೀರ್ಥಹಳ್ಳಿಯವ · ಡಿಸೆಂಬರ್ 2

ಹೋಗಿ ಬಂದೆವು. ಎಲ್ಲರೂ ಇದ್ದೇವೆ. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ, ಭುಜ ಎತ್ತಲು ಆಗುತ್ತಿರಲಿಲ್ಲ.

ನೀರು ತುಂಬಾ ಕಡಿಮೆ ಇತ್ತು. ಮೊದಲ ದಿನವೇ ಮೂರು ಕಡೆ ಕಲ್ಲಿನ ಮೇಲೆ ದೋಣಿ ಎಳೆದೆವು. ಎಳೆಯಲು ನೀರಿಗೆ ಇಳಿಯಬೇಕಲ್ಲ, ಆಗ ಎದೆ ಹೊಡೆದುಕೊಂಡದ್ದು ನಿಜ. ಮಗಳು ಪ್ರತಿ ಸಲ ಹುಟ್ಟಿನಿಂದ ದೋಣಿ ಬಡಿದು ಬಡಿದು, "ಸರಿಯಪ್ಪಾ ಸರಿ, ಮನುಷ್ಯರು ಬಂದರು" ಅಂತ ಕೂಗುತ್ತಿದ್ದಳು. ಎರಡನೆಯ ದಿನ ಅದೇ ಹಾಡಾಯಿತು. ವುಡ್ಸ್ ಫೆರಿ ಮುಟ್ಟಿದಾಗ ನಾಲ್ಕೂ ಮುಕ್ಕಾಲು. 13 ಮೈಲಿಯ ಲೆಕ್ಕ ಇಟ್ಟುಕೊಂಡಿದ್ದರೆ ಕತ್ತಲಲ್ಲಿ ಇರುತ್ತಿದ್ದೆವು.

ಕಂಡ ಗೇಟರ್ ಎರಡು. ಒಂದು ಎರಡನೆಯ ಮಧ್ಯಾಹ್ನ, ಬಿಸಿಲು ಬಿದ್ದ ದಂಡೆಯಲ್ಲಿ, ಆರು ಅಡಿ ಇರಬಹುದು. ಎದುರು ಬದಿಗೆ ಸರಿದೆವು. ಅದು ಕಣ್ಣು ಕೂಡ ತೆರೆಯಲಿಲ್ಲ. ಇನ್ನೊಂದು ಎಷ್ಟು ದೊಡ್ಡದೋ ಗೊತ್ತಿಲ್ಲ. ಮರಳಿಗೆ ದೋಣಿ ಹಚ್ಚಬೇಕು ಅಂತ ನಿಧಾನ ಬರುತ್ತಿದ್ದೆವು. ಮಗಳು ಬಡಿದಳು. ಮುಂದೆ ಹದಿನೈದು ಅಡಿ ದೂರದಲ್ಲಿ ನೀರು ಒಮ್ಮೆ ಉಬ್ಬಿ, ಗೆರೆ ಎಳೆದ ಹಾಗೆ ಆಳದ ಕಡೆ ಹೋಯಿತು. ಏನೂ ಕಾಣಲಿಲ್ಲ. ಹಾಡು ನಿಂತಿತು. ಆ ದಿಬ್ಬ ಬಿಟ್ಟು ಮುಂದಿನದಕ್ಕೆ ಹೋದೆವು.

ಆ ರಾತ್ರಿ ಚಳಿ 4 ಡಿಗ್ರಿಗೆ ಇಳಿಯಿತು. ಕಡಕ್ ರೊಟ್ಟಿಯ ಡಬ್ಬಿಯನ್ನು ರಕೂನ್ ಅನ್ನುವ ಸಣ್ಣ ಕಾಡುಪ್ರಾಣಿ ತೆರೆದು, ಚಟ್ನಿ ಪುಡಿ ಬಿಟ್ಟು ರೊಟ್ಟಿ ಅಷ್ಟನ್ನೂ ತಿಂದಿತ್ತು. ಧಾರವಾಡದವರೇ, ಇದಕ್ಕೆ ಏನು ಉಪಾಯ?

ಧಾರವಾಡ ಪೇಢೆ · ಡಿಸೆಂಬರ್ 2

ಖಾರ ಕಡಿಮೆ ಆಗಿತ್ತು ಅಂತ ಕಾಣುತ್ತದೆ ರೀ. ಮುಂದಿನ ಸಲ ಡಬ್ಬಿಗೆ ಬೆಲ್ಟ್ ಬಿಗಿದು ಕೂಲರ್ ಒಳಗೆ ಇಡಿ, ಕೂಲರ್ ಮೇಲೆ ಕಲ್ಲು.

ಹೊಸ ಹುಟ್ಟು · ಡಿಸೆಂಬರ್ 3

ಎಲ್ಲ ಓದಿದೆ, ನಾವೂ ಹೊರಟಿದ್ದೇವೆ. ನಾಲ್ಕು ಜನ ಸ್ನೇಹಿತರು, ನಾಯಿ ಒಂದು. ಮೇ ಮೊದಲ ವಾರ ರಜೆ ಸಿಕ್ಕಿದೆ. ಓಕಿಫನೋಕಿ ಆದರೆ ಹೇಗೆ?

ಗೇನ್ಸ್‌ವಿಲ್ ಹಳಬ · ಡಿಸೆಂಬರ್ 3

ಎಲ್ಲ ಓದಿದ್ದೀರಿ ಅಂದಿರಲ್ಲ, ಸವಿತಾ ಅವರು ಬರೆದದ್ದನ್ನು ಇನ್ನೊಂದು ಸಲ ಓದಿ. ರಜೆಯನ್ನು ನವೆಂಬರ್‌ಗೆ ಹಾಕಿಸಿಕೊಂಡು ಬನ್ನಿ, ಆಮೇಲೆ ಎಲ್ಲಿಗೆ ಅಂತ ಮಾತಾಡೋಣ. ನಾಯಿಯನ್ನು ಯಾರ ಮನೆಯಲ್ಲಿ ಬಿಡುತ್ತೀರಿ ಅಂತಲೂ ಹೇಳಿ.